ಇಲಿಯಪ್ಪ ಮನೆಗೆ ತಂದ ತಕ್ಕಡಿ

ಮಾರ್ಚ್ ಹನ್ನೊಂದು, ಬುಧವಾರ, ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ಕೆಂಪು ದೀಪ ಮಾತ್ರ ಉರಿಯುತ್ತಿದೆ. ಇಲಿಗಳ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಾಕುವುದಿಲ್ಲ. ಅವುಗಳ ಪಾಲಿಗೆ ಇನ್ನೂ ರಾತ್ರಿ. ಗೋಡೆಯುದ್ದಕ್ಕೂ ಜೋಡಿಸಿಟ್ಟ ಪಾರದರ್ಶಕ ಪಂಜರಗಳಲ್ಲಿ ಕೆಲವುಗಳೊಳಗಿಂದ ಪುಟ್ಟ ಚಕ್ರಗಳು ತಿರುಗುವ ಸದ್ದು ಬರುತ್ತಿದೆ. ಆರಕ್ಕೆ ಸರಿಯಾಗಿ ಬಿಳಿ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಅಷ್ಟರೊಳಗೆ ಈ ಕೋಣೆಯ ಇಲಿಗಳನ್ನೆಲ್ಲ ತೂಗಿ ಮುಗಿಸಬೇಕು.

ತೂಗುತ್ತಿರುವವರು ಐವತ್ತು ದಾಟಿದ ಒಬ್ಬ ಸಣಕಲು ಆಸಾಮಿ. ಟೊಪ್ಪಿ, ಮುಖಗವಸು, ನಿಲುವಂಗಿ, ಕೈಗವಸುಗಳ ನಡುವೆ ಕಾಣುವುದು ಕಣ್ಣು ಮಾತ್ರ. ಅಂಗೈಯನ್ನು ಬೊಗಸೆ ಮಾಡಿ ಇಲಿಯ ಕೆಳಗೆ ತೂರಿಸುತ್ತಾರೆ. ಅದು ತಾನಾಗಿ ಹತ್ತಿ ಕೂತ ಮೇಲೆ ಮೆಲ್ಲಗೆ ಎತ್ತಿ ತಕ್ಕಡಿಯ ಡಬ್ಬಿಗೆ ಇಳಿಸುತ್ತಾರೆ.

“ಬಾಲ ಹಿಡಿದು ಎತ್ತಬಾರ್ದು. ಎತ್ತಿದ್ರೆ ಹೆದರುತ್ತೆ. ಹೆದರಿದ್ರೆ ಉಚ್ಚೆ ಹೊಯ್ಯುತ್ತೆ. ಉಚ್ಚೆ ಹೊಯ್ದ್ರೆ ತೂಕ ಕಮ್ಮಿ ಬರುತ್ತೆ. ಅಲ್ಲಿಗೆ ಮೇಡಂದು ಐದು ವರ್ಷದ ವಿಜ್ಞಾನ ನೀರಿಗೆ ಹೋಯ್ತು ಅಂತಲೇ ಲೆಕ್ಕ,” ಎಂದು ವರದಿ ಬರೆದುಕೊಳ್ಳಲು ಬಂದವರಿಗೆ ಹೇಳಿ ಮುಖಗವಸಿನೊಳಗೇ ನಗುತ್ತಾರೆ.

ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿದೆ. ದೊಡ್ಡ ವಿಜ್ಞಾನಿಗಳಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಎಲ್ಲರಿಗೂ ಅವರು ಇಲಿಯಪ್ಪ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ, ಇಂದಿಗೂ ಗುತ್ತಿಗೆಯ ಮೇಲೆ. ಈ ಕೋಣೆಯ ಇಲಿಗಳ ಕುರಿತು ಪ್ರಕಟವಾದ ಪ್ರಬಂಧಗಳಲ್ಲಿ ಹತ್ತಾರು ಜನರ ಹೆಸರುಗಳಿವೆ. ಇವರ ಹೆಸರು ಯಾವುದರಲ್ಲೂ ಇಲ್ಲ, ಇರಬೇಕೆಂದು ಅವರಿಗೆ ಅನ್ನಿಸಿಯೂ ಇಲ್ಲ.

ಇಂದು ಅವರ ಮನಸ್ಸು ಕೆಲಸದಲ್ಲಿ ಅರ್ಧ ಮಾತ್ರ ಇದೆ. ಮಧ್ಯಾಹ್ನ ಹದಿನೈದು ವರ್ಷದ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಂಡತಿಗೆ ರಜೆ ಸಿಕ್ಕಿಲ್ಲ. ಮಗಳು ಅವರೊಂದಿಗೆ ನೇರವಾಗಿ ಮಾತಾಡಿ ಮೂರು ತಿಂಗಳ ಮೇಲಾಗಿದೆ.

ಇಲಿಮನೆಯ ದಿನ ಶುರುವಾಗುವುದು ತೂಕದಿಂದ. ಆಮೇಲೆ ಮೇವಿನ ಲೆಕ್ಕ. ನಿನ್ನೆ ಹಾಕಿದ್ದೆಷ್ಟು, ಇಂದು ಉಳಿದದ್ದೆಷ್ಟು, ಕಳೆದರೆ ತಿಂದದ್ದೆಷ್ಟು. ಇಲಿಗಳು ಮೇವಿನ ಚೂರುಗಳನ್ನು ಹಾಸಿಗೆಯ ಮರದ ಪುಡಿಯಡಿ ಬಚ್ಚಿಡುತ್ತವೆ. ಅದನ್ನೂ ಬೆರಳಾಡಿಸಿ ಹುಡುಕಿ ತೆಗೆದು ತೂಗಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಬಳಿಕ ಪಂಜರ ತೊಳೆಯುವುದು, ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವುದು, ನೀರಿನ ಬಾಟಲಿ ಬದಲಿಸುವುದು. ಮಧ್ಯಾಹ್ನದ ಹೊತ್ತಿಗೆ ನೂರರ ಹತ್ತಿರ ಪಂಜರಗಳು ಅವರ ಕೈ ದಾಟಿರುತ್ತವೆ.

ಇಲಿಯ ಮೂತ್ರದ ಘಾಟು, ಕೂದಲ ಧೂಳು ಒಗ್ಗದೆ ಎದೆ ಕಟ್ಟಿಕೊಳ್ಳುತ್ತದೆ. ಉಸಿರಿಗೆಳೆದುಕೊಳ್ಳುವ ಔಷಧದ ಪಂಪು ಸದಾ ಜೇಬಿನಲ್ಲಿರುತ್ತದೆ. ಆದರೆ ಅವರನ್ನು ಕುಗ್ಗಿಸುವುದು ಇದಲ್ಲ. ಪ್ರಯೋಗ ಮುಗಿದ ದಿನ ಇಲಿಗಳನ್ನೆಲ್ಲ ಅನಿಲದ ಪೆಟ್ಟಿಗೆಯಲ್ಲಿಟ್ಟು ಕೊಲ್ಲುವುದೂ ಅವರದೇ ಕೆಲಸ. ಆ ಮಾತನ್ನು ಅವರು ಆಡುವುದಿಲ್ಲ, “ಕಳಿಸಿಕೊಡೋದು” ಅನ್ನುತ್ತಾರೆ. ಈ ಕೋಣೆಯವುಗಳ ಸರದಿ ಮುಂದಿನ ವಾರ.

“ನಾನೇ ಸಾಕಿದ್ದು, ನಾನೇ ಕಳಿಸಿಕೊಡ್ಬೇಕು. ಬೇರೆಯವರ ಕೈಗೆ ಕೊಟ್ರೆ ಗಾಬರಿ ಬೀಳ್ತವೆ.”

ತಕ್ಕಡಿಯ ಪಕ್ಕ ಎರಡು ಪಂಜರಗಳನ್ನು ಇಳಿಸುತ್ತಾರೆ. “ಇವ್ರಿಬ್ರೂ ಒಂದೇ ಬಸಿರಿನವರು. ನೋಡಿ.” ಒಂದು ಇಪ್ಪತ್ತೊಂಬತ್ತು ಗ್ರಾಂ. ಇನ್ನೊಂದು ನಲವತ್ತಾರು. ಎರಡನೆಯದು ನಡೆಯುವುದಕ್ಕಿಂತ ಹೆಚ್ಚಾಗಿ ಉರುಳುತ್ತದೆ.

ಇಬ್ಬರಿಗೂ ಹುಟ್ಟಿನಿಂದ ಬಂದದ್ದು ಒಂದೇ. ‘ಹೊಟ್ಟೆ ತುಂಬಿತು, ಸಾಕು’ ಎಂಬ ಸುದ್ದಿಯನ್ನು ಮಿದುಳಿನಲ್ಲಿ ಬರಮಾಡಿಕೊಳ್ಳುವ ಒಂದು ಜೀನು ಇದೆ. ಪ್ರತಿ ಇಲಿಗೂ ಅದರ ಎರಡು ಪ್ರತಿಗಳು ಸಿಗುತ್ತವೆ, ತಾಯಿಯಿಂದೊಂದು, ತಂದೆಯಿಂದೊಂದು. ಈ ಇಬ್ಬರಲ್ಲೂ ಒಂದು ಪ್ರತಿ ಕೆಟ್ಟಿದೆ. ಹಾಗಾಗಿ ಸುದ್ದಿ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ಮೊದಲನೆಯವನ ಪಂಜರದಲ್ಲಿ ಸಾದಾ ಮೇವಿದೆ, ಓಡಲು ಚಕ್ರವಿದೆ. ಅವನು ಮಾಮೂಲಿ ಇಲಿಗಿಂತ ತುಸು ದಪ್ಪ, ಅಷ್ಟೆ. ಎರಡನೆಯವನದು ಕೊಬ್ಬು ತುಂಬಿದ ಮೇವು, ಚಕ್ರವಿಲ್ಲ. ಜೀನು ಸರಿಯಿರುವ ಇಲಿಗೆ ಅದೇ ಜಿಡ್ಡು ಮೇವು ಕೊಟ್ಟು ಸುಮ್ಮನೆ ಕೂರಿಸಿದರೆ ಅದೂ ದಪ್ಪಗಾಗುತ್ತದೆ, ಆದರೆ ಈ ಮಟ್ಟಿಗಲ್ಲ. ಮನುಷ್ಯರ ಮಕ್ಕಳಲ್ಲಿ ವಿಷಯ ಇಷ್ಟು ನೇರವಾಗಿಲ್ಲ. ಹೆಚ್ಚಿನವರಲ್ಲಿ ಕೆಟ್ಟ ಒಂದು ಜೀನಿರುವುದಿಲ್ಲ. ಒಂದೊಂದೂ ಎಳ್ಳಷ್ಟು ಒತ್ತು ಕೊಡುವ ನೂರಾರು ಜೀನುಗಳಿರುತ್ತವೆ. ಒತ್ತು ಎಷ್ಟು ದೂರ ಒಯ್ಯುತ್ತದೆ ಎಂಬುದು ಮಗು ಬೆಳೆಯುವ ಮನೆ, ಬೀದಿ, ನಿದ್ದೆ, ತಟ್ಟೆಯ ಮೇಲೆ ನಿಂತಿದೆ.

ಇಲಿಯಪ್ಪನವರಿಗೆ ಈ ವಿಷಯ ಅರ್ಥವಾದದ್ದು ಅರ್ಧ. ಆ ಅರ್ಧವೇ ಮನೆಯಲ್ಲಿ ಅನಾಹುತ ಮಾಡಿತು.

ಅವರ ತಾಯಿ ದಪ್ಪಗಿದ್ದವರು. ಅಕ್ಕ ಇನ್ನೂ ದಪ್ಪ. “ಅಮ್ಮ ದಪ್ಪ ಇದ್ರೂ ಬುಗುರಿ ಥರ ತಿರುಗ್ತಿದ್ಲು. ನೀರು ಹೊರೋದು, ಬಟ್ಟೆ ಒಗೆಯೋದು, ಎಲ್ಲಾ ಅವಳೇ. ಎಪ್ಪತ್ತು ದಾಟಿ ಹೋದ್ಲು. ಅಕ್ಕ ಅಂಗಡಿ ಗಲ್ಲಾದ ಮುಂದೆ ಕೂತೋಳು ಏಳಲೇ ಇಲ್ಲ. ಸಕ್ಕರೆ ಕಾಯಿಲೆ. ಮೊದ್ಲು ಕಾಲು ತೆಗೆದ್ರು, ಆಮೇಲೆ ಕಿಡ್ನಿ ಹೋಯ್ತು. ನಲವತ್ತೇಳಕ್ಕೆ ಮುಗೀತು.” ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಅಂದದ್ದು ಒಂದೇ ಮಾತು: ಅತ್ತೆಯ ಪಡಿಯಚ್ಚು. ಆಗ ಅದು ಹೊಗಳಿಕೆಯಾಗಿತ್ತು.

ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಕೆಳಗಿನ ರಸ್ತೆಯಲ್ಲಿ ಲಾರಿಗಳು ಎಡೆಬಿಡದೆ ಓಡುತ್ತವೆ, ಪಾದಚಾರಿಗಳಿಗೆ ಜಾಗವಿಲ್ಲ. ಹಿಂದೆ ಮಕ್ಕಳು ಆಡುತ್ತಿದ್ದ ಖಾಲಿ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಮಗಳಿಗೆ ಒಂಬತ್ತಾಗಿದ್ದಾಗ ಕೊರೊನಾದಿಂದ ಶಾಲೆಗಳು ಮುಚ್ಚಿದವು, ತೆರೆಯುವ ಹೊತ್ತಿಗೆ ಅವಳಿಗೆ ಹನ್ನೊಂದು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ, ಬರುವುದು ರಾತ್ರಿ ಎಂಟಕ್ಕೆ. ತಂದೆ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಇನ್ನೊಂದು ಕಡೆ ಗುಡಿಸುವ ಕೆಲಸಕ್ಕೆ ಹೋಗುತ್ತಾರೆ.

“ಬಾಗಿಲು ತೆಗೀಬೇಡ, ಒಲೆ ಹಚ್ಚಬೇಡ ಅಂತ ಹೇಳಿದ್ದು ನಾವೇ,” ಎನ್ನುತ್ತಾರೆ ತಾಯಿ. “ಹಸಿದ ಮಗು ಇನ್ನೇನು ಮಾಡುತ್ತೆ? ಪೊಟ್ಟಣ ಒಡೀತು. ಬಿಸ್ಕತ್ತು, ಚಿಪ್ಸು, ಬಣ್ಣದ ನೀರು. ಕೈಗೆ ಫೋನ್ ಕೊಟ್ಟಿದ್ದೂ ನಾವೇ, ಒಬ್ಬಳೇ ಅಳಬಾರ್ದು ಅಂತ.”

ಸಂಶೋಧನಾಲಯದಲ್ಲಿ ಇಲಿಗಳಿಗೆ ದೀಪ ಆರುವ ಹೊತ್ತು, ಹೊತ್ತುವ ಹೊತ್ತು ಎರಡೂ ನಿಗದಿ. ಮನೆಯಲ್ಲಿ ಮಗಳು ಹೊದಿಕೆಯೊಳಗೆ ಫೋನು ಹಿಡಿದು ಎಷ್ಟು ಹೊತ್ತಿಗೆ ಮಲಗುತ್ತಾಳೆಂದು ದಣಿದು ಮಲಗಿದ ಇಬ್ಬರಿಗೂ ಗೊತ್ತಿರಲಿಲ್ಲ. “ಮುಚ್ಚಿದ ಬಾಗಿಲು, ಜಿಡ್ಡು ಮೇವು, ಚಕ್ರ ಇಲ್ಲ. ದಿನಾ ಅದೇ ಪಂಜರ ತೊಳೆಯೋನು ನಾನು. ಮನೇಲಿ ನೋಡಿದ್ರೆ ಗುರುತು ಹತ್ತಲಿಲ್ಲ,” ಎನ್ನುತ್ತಾರೆ ತಂದೆ.

ಕಳೆದ ವರ್ಷ ಮಗಳ ಕತ್ತಿನ ಹಿಂಬದಿ ಕಪ್ಪಾಗತೊಡಗಿತು. ಕೊಳೆ ಎಂದುಕೊಂಡ ತಾಯಿ ಒರಟು ಬಟ್ಟೆಗೆ ಸೋಪು ಹಚ್ಚಿ ವಾರಗಟ್ಟಲೆ ಉಜ್ಜಿದರು. “ದೊಡ್ಡ ಹುಡುಗಿ ಆದ್ರೂ ಕತ್ತು ತೊಳ್ಕೊಳಕ್ಕೆ ಬರಲ್ವೇನೇ ಅಂತ ಬೈದೆ. ಚರ್ಮ ಕಿತ್ತು ರಕ್ತ ಜಿನುಗ್ತು, ಕಪ್ಪು ಮಾತ್ರ ಹೋಗ್ಲಿಲ್ಲ.” ನವೆಂಬರಿನಲ್ಲಿ ಮಕ್ಕಳ ವೈದ್ಯೆ ಒಂದೇ ನೋಟಕ್ಕೆ ಹೇಳಿದರು, ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಇದ್ದೂ ಕೆಲಸ ಮಾಡದಿರುವಾಗ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ರಕ್ತದ ಸಕ್ಕರೆ ಇನ್ನೂ ಗಡಿಯ ಈಚೆಗಿದೆ, ಆದರೆ ಗಡಿಯ ಮೇಲೇ ನಿಂತಿದೆ. ತೂಕ ಇಳಿಯಬೇಕು, ಓಡಾಟ ಹೆಚ್ಚಬೇಕು, ಮಾರ್ಚಿನಲ್ಲಿ ಮತ್ತೆ ಬನ್ನಿ.

ಇಲಿಯಪ್ಪನವರ ಕಣ್ಣ ಮುಂದೆ ಬಂದದ್ದು ಅಕ್ಕನ ಕಾಲು.

ಆ ವಾರವೇ ಎರಡು ತಕ್ಕಡಿಗಳು ಮನೆಗೆ ಬಂದವು, ಒಂದು ನಿಲ್ಲಲು, ಒಂದು ತಟ್ಟೆಗೆ. ಗುಜರಿಯಿಂದ ನಿಂತಲ್ಲೇ ತುಳಿಯುವ ಒಂದು ಸೈಕಲ್ಲೂ ಬಂತು. ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿದ್ಯೆಯನ್ನು ತಂದೆ ಮಗಳ ಮೇಲೆ ಪ್ರಯೋಗಿಸಿದರು. ತೂಕ ದಿನವೂ ಒಂದೇ ಹೊತ್ತಿಗೆ, ಬರಿಹೊಟ್ಟೆಯಲ್ಲಿ ಆಗಬೇಕು. ತಾವು ಕೆಲಸಕ್ಕೆ ಹೊರಡುವುದು ನಾಲ್ಕೂಮುಕ್ಕಾಲಿಗೆ. ಆದ್ದರಿಂದ ನಾಲ್ಕೂವರೆಗೆ ಮಗಳನ್ನು ಎಬ್ಬಿಸಿ, ಕಣ್ಣುಜ್ಜುತ್ತಿದ್ದವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ತಟ್ಟೆ ಬಡಿಸಿದಾಗ ಒಮ್ಮೆ ತೂಗಿದರು, ಉಂಡ ಮೇಲೆ ಇನ್ನೊಮ್ಮೆ. ಸೈಕಲ್ ತುಳಿಯದೆ ರಾತ್ರಿಯ ಊಟವಿಲ್ಲ.

“ಇದೇನ್ರೀ ಮನೆನಾ, ನಿಮ್ಮ ಇಲಿಮನೆನಾ?” ಎಂದು ಹೆಂಡತಿ ಕೇಳಿದ್ದರಂತೆ. “ಅಲ್ಲಿ ಕೆಲಸ ಮಾಡುತ್ತಲ್ಲ, ಇಲ್ಲಿ ಯಾಕೆ ಮಾಡಲ್ಲ?” ಎಂದಿದ್ದರು ಇವರು.

ಎರಡು ವಾರ ಲೆಕ್ಕ ಬರೆದರು. ಲೆಕ್ಕ ಕೂಡಲಿಲ್ಲ. ತಟ್ಟೆಯ ಪ್ರಕಾರ ಮಗಳು ಹಕ್ಕಿಯಷ್ಟು ತಿನ್ನುತ್ತಿದ್ದಳು, ತಕ್ಕಡಿಯ ಪ್ರಕಾರ ತೂಕ ಏರುತ್ತಿತ್ತು. ಇಲಿಮನೆಯಲ್ಲಿ ಹೀಗಾದರೆ ಏನು ಮಾಡಬೇಕೆಂದು ಅವರ ಬೆರಳುಗಳಿಗೆ ಗೊತ್ತಿತ್ತು. ಡಿಸೆಂಬರಿನ ಮೊದಲ ಭಾನುವಾರ ಮಗಳ ಹಾಸಿಗೆ ಎತ್ತಿ ನೋಡಿದರು. ಅಡಿಯಲ್ಲಿ ಚಪ್ಪಟೆ ಮಾಡಿ ಜೋಡಿಸಿಟ್ಟ ಖಾಲಿ ಪೊಟ್ಟಣಗಳಿದ್ದವು. ಅವನ್ನೆಲ್ಲ ನೆಲದ ಮೇಲೆ ಹರಡಿ ಕೂತಿದ್ದಾಗಲೇ ಮಗಳು ಸ್ನಾನ ಮುಗಿಸಿ ಬಂದಳು.

ಮುಂದಿನದನ್ನು ಇಲಿಯಪ್ಪ ಪಂಜರ ಒರೆಸುತ್ತಲೇ ಹೇಳುತ್ತಾರೆ, ತಲೆಯೆತ್ತುವುದಿಲ್ಲ.

“ನಾನೇನು ನಿನ್ನ ಇಲಿನಾ ಅಪ್ಪಾ ಅಂದ್ಲು. ಅಳ್ತಾ ಇದ್ಲು. ಸಮಾಧಾನ ಮಾಡಣ ಅಂತ ನಗ್ತಾ ನಗ್ತಾ ಹೇಳ್ದೆ, ಇಲಿ ಅಲ್ಲ ಪುಟ್ಟಿ, ನೀನು ಹೇಗಿದ್ರೂ ನಮಗೆ ಚೆಂದ, ಹೆತ್ತವರಿಗೆ ಹೆಗ್ಗಣ ಮುದ್ದು ಕಣಮ್ಮ ಅಂತ.”

ಕೈ ನಿಲ್ಲುತ್ತದೆ.

“ಶಾಲೇಲಿ ಅವಳಿಗೆ ಆ ಹೆಸರೇ ಇಟ್ಟಿದ್ರಂತೆ. ಎರಡು ವರ್ಷದಿಂದ. ಇಲಿಯಪ್ಪನ ಹೆಗ್ಗಣ. ನಂಗೆ ಗೊತ್ತಿರ್ಲಿಲ್ಲ. ನೀನೂ ಹಾಗೇ ಕರೆದ್ಯಾ ಅಂದ್ಲು. ಕೋಣೆ ಬಾಗಿಲು ಹಾಕ್ಕೊಂಡ್ಲು.”

ಗಾದೆಯಲ್ಲಿ ತಪ್ಪಿಲ್ಲ, ಹೇಳಿದವರ ಮನಸ್ಸಿನಲ್ಲೂ ಇರಲಿಲ್ಲ. ಆದರೆ ಅಂದಿನಿಂದ ಮಗಳು ತಂದೆಯ ಎದುರು ಒಂದು ತುತ್ತು ತಿಂದಿಲ್ಲ. ಹೇಳಬೇಕಾದದ್ದನ್ನು ತಾಯಿಯ ಮೂಲಕವೇ ಹೇಳುತ್ತಾಳೆ. ತಂದೆ ಪಕ್ಕದಲ್ಲೇ ನಿಂತಿದ್ದರೂ “ಅಮ್ಮಾ, ಅಪ್ಪಂಗೆ ಹೇಳು, ಫೀಸು ಕಟ್ಟಕ್ಕೆ ನಾಳೆ ಕೊನೆ ದಿನ” ಎನ್ನುತ್ತಾಳೆ. ತಾಯಿಗೆ ಒಮ್ಮೊಮ್ಮೆ ರೇಗುತ್ತದೆ: “ನಾನೇನು ಇವರಿಬ್ಬರ ನಡುವಿನ ಟೆಲಿಫೋನ್ ತಂತಿನಾ?” ಆಟದ ಪೀರಿಯಡ್ಡಿಗೆ ಹುಡುಗಿ ಹೋಗುವುದನ್ನು ಬಿಟ್ಟಳು. ತಂದೆ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಾಳೆ, ಬೇಗ ಬೇಗ, ದೀಪ ಹಾಕದೆ.

ತಕ್ಕಡಿಗಳನ್ನು ಇಲಿಯಪ್ಪ ಮರುವಾರವೇ ಯಾರಿಗೋ ಕೊಟ್ಟುಬಿಟ್ಟರು. ಸೈಕಲ್ಲು ವಾಪಸ್ಸು ಗುಜರಿಗೆ ಹೋಯಿತು. ಮಗಳ ಬಾಗಿಲು ಮಾತ್ರ ಮುಚ್ಚಿಯೇ ಉಳಿಯಿತು.

ಈ ಇಲಿಗಳ ಮೇಲೆ ಅಧ್ಯಯನ ನಡೆಸುತ್ತಿರುವ, ಇಲಿಯಪ್ಪ ‘ಮೇಡಂ’ ಎನ್ನುವ ಯುವ ಸಂಶೋಧಕಿಯ ಮುಂದೆ ಜನವರಿಯಲ್ಲಿ ಒಂದು ದಿನ ಅವರು ಬಾಯಿಬಿಟ್ಟರು. ತಪ್ಪು ಬೀಜದ್ದೋ ತಟ್ಟೆಯದ್ದೋ ಎಂಬುದು ಅವರ ಪ್ರಶ್ನೆಯಾಗಿತ್ತು. ನನ್ನ ರಕ್ತದ್ದೋ, ನಾನು ಅವಳೊಬ್ಬಳನ್ನೇ ಬಿಟ್ಟುಹೋದದ್ದರದ್ದೋ?

“ಎರಡು ಕೈ ಸೇರಿದ್ರೆ ತಾನೆ ಅಣ್ಣ ಚಪ್ಪಾಳೆ? ಸದ್ದು ಮಾಡಿದ್ದು ಯಾವ ಕೈ ಅಂದ್ರೆ ನಾನು ಏನಂತ ಹೇಳ್ಲಿ?” ಎಂದರಂತೆ ಆಕೆ. ಆಮೇಲೆ ಸೈಕಲ್ಲಿನ ಬಗ್ಗೆ ಕೇಳಿದರು. “ನಾವು ಯಾವತ್ತಾದ್ರೂ ಇಲಿನ ಹಿಡಿದು ಚಕ್ರಕ್ಕೆ ಹತ್ತಿಸಿದ್ದೀವಾ ಅಣ್ಣ? ಚಕ್ರ ಇಟ್ಟು ಬರ್ತೀವಿ. ಅವೇ ಹತ್ತುತ್ವೆ.”

“ಚಕ್ರ ಇಡೋನು ನಾನೇ,” ಎನ್ನುತ್ತಾರೆ ಇಲಿಯಪ್ಪ. “ಇಪ್ಪತ್ತೆರಡು ವರ್ಷ ಇಟ್ಟಿದ್ದೀನಿ. ಮನೇಲಿ ಮರೆತುಹೋಯ್ತು.”

ಆರು ಗಂಟೆಗೆ ಬಿಳಿ ದೀಪಗಳು ಹೊತ್ತಿಕೊಳ್ಳುತ್ತವೆ. ಚಕ್ರಗಳ ಸದ್ದು ಒಂದೊಂದಾಗಿ ನಿಲ್ಲುತ್ತದೆ.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯ ಮಕ್ಕಳ ವಿಭಾಗದ ಹೊರಗೆ ಅವರು ಬೆಂಚಿನ ಮೇಲೆ ಕೂತಿದ್ದಾರೆ. ಇಲಿಯ ವಾಸನೆ ಹೋಗಲೆಂದು ಎರಡು ಸಲ ಸ್ನಾನ ಮಾಡಿ ಬಂದಿದ್ದಾರೆ. ಮಗಳು ಬಂದಿದ್ದಾಳೆ, ಆದರೆ ಅಪ್ಪ ಒಳಗೆ ಬರಕೂಡದೆಂಬ ಷರತ್ತಿನ ಮೇಲೆ. ಆ ಷರತ್ತೂ ತಾಯಿಯ ಬಾಯಲ್ಲೇ ಬಂದದ್ದು. ಬೆಂಚಿನ ಇನ್ನೊಂದು ತುದಿಯಲ್ಲಿ, ಸ್ಕೂಲ್ ಬ್ಯಾಗನ್ನು ಹೊಟ್ಟೆಯ ಮೇಲೆ ಅವಚಿ ಹಿಡಿದು ಕೂತಿದ್ದ ಹುಡುಗಿ ಕರೆ ಬಂದಾಗ ಬ್ಯಾಗಿನ ಸಮೇತ ಎದ್ದು ಹೋಗುತ್ತಾಳೆ.

ಮುಕ್ಕಾಲು ಗಂಟೆಯ ನಂತರ ವೈದ್ಯೆ ತಂದೆಯನ್ನು ಕರೆಯುತ್ತಾರೆ. ಸುದ್ದಿ ಒಳ್ಳೆಯದಲ್ಲ. ಸಕ್ಕರೆ ಗಡಿ ದಾಟಿದೆ. ಇನ್ನೊಂದು ಸಲ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು, ಮಾತ್ರೆ ಇಂದಿನಿಂದಲೇ ಶುರು. ಯಕೃತ್ತಿನಲ್ಲೂ ಕೊಬ್ಬು ಕಾಣುತ್ತಿದೆ. ಈ ವಯಸ್ಸಿನಲ್ಲಿ ಬಂದ ಸಕ್ಕರೆ ದೊಡ್ಡವರದಕ್ಕಿಂತ ವೇಗವಾಗಿ ಕಾಡುತ್ತದೆಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕುಟುಂಬದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾರೆ. ಅಕ್ಕನ ಕಥೆಯನ್ನು ಇಲಿಯಪ್ಪ ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ.

“ತೂಕ ಎಷ್ಟು ಅಂತ ನಿಮಗೆ ಹೇಳಬಾರದು ಅಂದಿದ್ದಾಳೆ. ನಾನು ಹೇಳಲ್ಲ,” ಎನ್ನುತ್ತಾರೆ ವೈದ್ಯೆ.

“ಹೇಳ್ಬೇಡಿ ಡಾಕ್ಟ್ರೇ.”

ಅಲ್ಲಿಂದ ಮುಂದೆ ನಡೆದದ್ದನ್ನು ಅವರು ಹೇಳುವುದು ಮರುದಿನ, ಮತ್ತೆ ಇಲಿಮನೆಯಲ್ಲಿ, ಕೆಲಸದ ನಡುವೆ.

ಬಸ್ಸು ನಿಲ್ದಾಣದಲ್ಲಿ ನಿಂತಿದ್ದರಂತೆ. ಬಸ್ಸು ಬಂತು. ಕಿಟಕಿಯಲ್ಲಿ ಅವಳದೇ ಶಾಲೆಯ ಸಮವಸ್ತ್ರದ ಮೂರ್ನಾಲ್ಕು ತಲೆಗಳಿದ್ದವು. ಹತ್ತಲು ಕಾಲೆತ್ತಿದ್ದ ಹುಡುಗಿ ಹಿಂದೆ ಸರಿದಳು. ಬಸ್ಸು ಹೋಯಿತು. “ನಡ್ಕೊಂಡು ಹೋಗೋಣ ಅಂದ್ಲು. ನಂಗೇ ಅಂದಿದ್ದು. ಅವಳಮ್ಮ ಇರ್ಲಿಲ್ವಲ್ಲ, ಇನ್ಯಾರ ಕೈಲಿ ಹೇಳಿಸ್ತಾಳೆ?”

ತಂದೆ ಮುಂದೆ, ಮಗಳು ಹಿಂದೆ. ಲಾರಿಗಳ ಪಕ್ಕದಲ್ಲಿ, ಚರಂಡಿಯ ಅಂಚಿನಲ್ಲಿ. ತಿರುಗಿ ನೋಡಿದರೆ ಅಪ್ಪ ತನಗಾಗಿ ಕಾಯುತ್ತಿದ್ದಾರೆಂದು ಅವಳಿಗೆಲ್ಲಿ ಅನ್ನಿಸುತ್ತದೋ ಎಂದು ಇಲಿಯಪ್ಪ ತಿರುಗಲಿಲ್ಲ. ಏದುಸಿರು ಕೇಳಿಸಿದಾಗ ಹೆಜ್ಜೆ ಸಣ್ಣದು ಮಾಡಿದರು. ಒಂದು ಕಾಂಪೌಂಡ್ ಗೋಡೆಯ ಹತ್ತಿರ ಅವಳು ನಿಂತಳು. ಅವರೂ ನಿಂತರು, ತಮಗೇ ಉಸಿರು ಕಟ್ಟಿದವರಂತೆ ಜೇಬಿನಿಂದ ಪಂಪು ತೆಗೆದು ಎಳೆದುಕೊಂಡರು. ಕಟ್ಟಿದ್ದೂ ನಿಜವೇ.

“ಅತ್ತೆ ಥರ ನನ್ನ ಕಾಲೂ ತೆಗೀತಾರಾ ಅಪ್ಪ ಅಂದ್ಲು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಗೊತ್ತಿಲ್ಲ ಪುಟ್ಟಿ, ನಂಗೂ ಹೆದರಿಕೆ ಆಗುತ್ತೆ ಅಂದೆ. ಆಮೇಲೆ ಆ ನಂಬರ್ ಹೇಳಿದ್ಲು. ತೂಕದ್ದು.”

ಅವರೇನು ಹೇಳಿದರು?

“ಹೂಂ ಅಂದೆ, ಅಷ್ಟೆ. ಇನ್ನೊಂದು ಮಾತಾಡಕ್ಕೆ ಹೋಗಿ ಮತ್ತೆ ಯಾವ್ದಾದ್ರೂ ಗಾದೆ ಗೀದೆ ಬಾಯಿಗೆ ಬಂದ್ಬಿಟ್ರೆ?” ಸ್ವಲ್ಪ ನಗುತ್ತಾರೆ.

ರಾತ್ರಿ ಮಗಳು ಊಟಕ್ಕೆ ಹೊರಗೆ ಬರಲಿಲ್ಲ. ಮಾತ್ರೆಯನ್ನು ತಾಯಿಯೇ ಕೋಣೆಗೆ ಒಯ್ದು ಕೊಟ್ಟರು. ಒಂದು ಹೊತ್ತಾದರೂ ಮೂವರೂ ಒಟ್ಟಿಗೆ ಕೂತು ಉಣ್ಣಬೇಕೆಂಬುದು ಇಲಿಯಪ್ಪನವರ ಆಸೆ.

“ಬೇರೆ ಏನು ಬೇಕಾದ್ರೂ ಬರ್ಕೊಳ್ಳಲಿ, ಆ ನಂಬರ್ ಮಾತ್ರ ಹೇಳ್ಬೇಡ ಅಂದಿದ್ದಾಳೆ ಮಗಳು. ಹೇಳಲ್ಲ. ಅದು ಅವಳದ್ದು.” ಪಂಜರದ ಮುಚ್ಚಳ ಹಾಕಿ ಕಪಾಟಿಗೆ ಸರಿಸುತ್ತಾರೆ. “ನಾನು ಕೇಳಿರ್ಲಿಲ್ಲ, ನೋಡಿ. ಅವಳಾಗೇ ಹೇಳಿದ್ದು.”

ನಿನ್ನೆ ಅವರಿಬ್ಬರೂ ನಡೆದ ದಾರಿ, ಆಸ್ಪತ್ರೆಯ ಗೇಟಿನಿಂದ ಅವರ ಮನೆಯ ಮೆಟ್ಟಿಲಿಗೆ, ಎರಡು ಕಿಲೋಮೀಟರ್ ಮುನ್ನೂರು ಮೀಟರ್.